ನಾನಾವತಿ ಕೇಸಲ್ಲಿ ಎಡವಿದ್ದು ಜ್ಯೂರಿಯೋ, ಜಡ್ಜೋ?

ಲಾ ಸೆಕೆಂಡ್ ಇಯರ್, ಮೈಸೂರು | ಶನಿವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಬರೋ ಗುರುವಾರ ಕಾಲೇಜಿನಲ್ಲಿ ನನ್ನ ಸೆಮಿನಾರ್, ವಿಷಯ ನಾನಾವತಿ ಕೇಸು. ಇಷ್ಟು ದಿನ ನಾನು ಕೇಳಿಕೊಂಡು ಬಂದ ಕಥೆ ಒಂದೇ. ನೌಕಾಪಡೆಯ ಸ್ಫುರದ್ರೂಪಿ ಅಧಿಕಾರಿ, ಹೆಂಡತಿಯ ಪ್ರಿಯಕರನ ಮನೆಗೆ ಹೋಗಿ ಗುಂಡು ಹಾರಿಸಿದ. ಪತ್ರಿಕೆಯವರು ಅವನನ್ನು ತಲೆ ಮೇಲೆ ಹೊತ್ತು ಮೆರೆಸಿದರು. ತೀರ್ಪು ಹೇಳೋಕೆ ಕೂರಿಸಿದ ಸಾಮಾನ್ಯ ಜನ, ಅಂದರೆ ಜ್ಯೂರಿಯವರು, ಮರುಳಾಗಿ ಬಿಟ್ಟುಬಿಟ್ಟರು. ಸರ್ಕಾರಕ್ಕೆ ಸಿಟ್ಟು ಬಂದು ಜ್ಯೂರಿ ಪದ್ಧತಿಯನ್ನೇ ತೆಗೆದುಹಾಕಿತು. ಕ್ಲಾಸಿನಲ್ಲಿ ಹೇಳಿದ್ದೂ ಇದನ್ನೇ.

ಮೊನ್ನೆ 1961ರ ಸುಪ್ರೀಂ ಕೋರ್ಟ್ ತೀರ್ಪನ್ನೇ ಓದೋಣ ಅಂತ ಕೂತೆ. ಅದರಲ್ಲಿ ಜ್ಯೂರಿಯವರನ್ನು ಬೈದಿದ್ದಕ್ಕಿಂತ, ಸೆಷನ್ಸ್ ಜಡ್ಜ್ ಅವರಿಗೆ ಏನು ಹೇಳಿದರು, ಏನು ಹೇಳದೆ ಬಿಟ್ಟರು ಅನ್ನೋ ಮಾತೇ ಕಣ್ಣಿಗೆ ಬೀಳುತ್ತೆ. ‘ಮಿಸ್‌ಡೈರೆಕ್ಷನ್’ ಅನ್ನೋ ಪದ ಹೆಜ್ಜೆಹೆಜ್ಜೆಗೂ ಬರುತ್ತೆ. ಹಾಗಾದರೆ ತಪ್ಪು ಯಾರದು? ಜ್ಯೂರಿ ‘ತಪ್ಪಿತಸ್ಥನಲ್ಲ’ ಅಂದ ಮೇಲೆ ಮೇಲಿನ ಕೋರ್ಟು ಅದನ್ನು ಹೇಗೆ ಅಳಿಸಿಹಾಕಿತು? ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ.

ಟವೆಲ್ ಗುರು, ಬೆಂಗಳೂರು | 9:52

ಟವೆಲ್ ವಿಷಯ ಮಾತ್ರ ಬಿಡಬೇಡಿ ಮೇಡಂ, ಸೆಮಿನಾರ್‌ಗೆ ಜನ ಬರೋದೇ ಅದಕ್ಕೆ. ಸ್ನಾನ ಮುಗಿಸಿ ಬಂದ ಆ ಪ್ರಿಯಕರ ಸೊಂಟಕ್ಕೆ ಟವೆಲ್ ಸುತ್ತಿಕೊಂಡಿದ್ದ. ರಿವಾಲ್ವರಿಗಾಗಿ ಇಬ್ಬರೂ ಕಿತ್ತಾಡಿದ್ವಿ, ಆಗ ಗುಂಡು ಹಾರಿತು ಅಂತ ಆರೋಪಿ ಹೇಳ್ತಾನೆ. ಟವೆಲ್ ಮಾತ್ರ ಕಟ್ಟಿದ ಹಾಗೇ ಇತ್ತು! ನಮ್ಮನೇಲಿ ಚಿಕ್ಕ ಮಗ ಓಡಿ ಬಂದು ಅಪ್ಪಿಕೊಂಡರೇ ನನ್ನ ಟವೆಲ್ ನಿಲ್ಲಲ್ಲ.

ಕರಿಕೋಟು, ಬೆಂಗಳೂರು | 10:31

ಟವೆಲ್ ಗುರುಗಳೇ, ನೀವು ಜ್ಯೂರಿಯಲ್ಲಿ ಇದ್ದಿದ್ದರೆ ಅಂದೇ ಮುಗಿದುಹೋಗ್ತಿತ್ತು ಬಿಡಿ.

ಇಪ್ಪತ್ತು ವರ್ಷದಿಂದ ಕ್ರಿಮಿನಲ್ ಕಡೆ ವಕೀಲಿಕೆ ಮಾಡ್ತಿದ್ದೀನಿ, ಜ್ಯೂರಿ ಮುಂದೆ ಒಂದು ದಿನವೂ ನಿಂತಿಲ್ಲ. ನಿಲ್ಲೋಕೆ ಜ್ಯೂರಿ ಎಲ್ಲಿದೆ? ಆದರೂ ಈ ತೀರ್ಪನ್ನು ಬಹಳ ಸಲ ಓದಿದ್ದೀನಿ, ಹಾಗಾಗಿ ಸ್ವಲ್ಪ ಉದ್ದವಾಗಿ ಬರೀತೀನಿ.

ಘಟನೆ ನಡೆದದ್ದು 1959ರ ಏಪ್ರಿಲ್ 27ಕ್ಕೆ, ಬೊಂಬಾಯಲ್ಲಿ. ಕಮಾಂಡರ್ ನಾನಾವತಿ ಆಗ ನಿಮ್ಮೂರ ಹೆಸರಿನ ಹಡಗಿನಲ್ಲೇ, ಐಎನ್‌ಎಸ್ ಮೈಸೂರಿನಲ್ಲಿ, ಎರಡನೇ ಸ್ಥಾನದ ಅಧಿಕಾರಿ. ಮನೆಯಲ್ಲಿ ಹೆಂಡತಿ ವಿಷಯ ಒಪ್ಪಿಕೊಂಡರು. ಅವರನ್ನೂ ಮಕ್ಕಳನ್ನೂ ಸಿನಿಮಾ ಥಿಯೇಟರಿಗೆ ಬಿಟ್ಟು ಈತ ಹಡಗಿಗೆ ಹೋದ. ರಾತ್ರಿ ಒಬ್ಬನೇ ಅಹಮದ್‌ನಗರಕ್ಕೆ ಕಾರಿನಲ್ಲಿ ಹೋಗಬೇಕು ಅಂತ ನೆಪ ಹೇಳಿ ರಿವಾಲ್ವರ್ ಮತ್ತು ಆರು ತೋಟಾ ಪಡೆದ. ಅಲ್ಲಿಂದ ಆ ಪ್ರಿಯಕರ ಪ್ರೇಮ್ ಅಹುಜಾನ ಆಫೀಸು, ಅಲ್ಲಿ ಸಿಗದೆ ಅವನ ಫ್ಲ್ಯಾಟು. ಮನೆ ಬಿಟ್ಟಿದ್ದು ಮಧ್ಯಾಹ್ನ ಒಂದೂವರೆಗೆ, ಗುಂಡು ಹಾರಿದ್ದು 4:20ಕ್ಕೆ. ಈ ಎರಡೂ ಸಮಯಗಳನ್ನು ಗುರುತು ಹಾಕಿಕೊಳ್ಳಿ, ಮುಂದೆ ಬೇಕಾಗುತ್ತೆ. ಆಮೇಲೆ ತಾನೇ ಹೋಗಿ ಪೊಲೀಸರಿಗೆ ಶರಣಾದ.

ಆರೋಪಿಯ ವಾದ ಅಪಘಾತ. ಆಗಿನ ದಂಡ ಸಂಹಿತೆಯ (ಐಪಿಸಿ) 80ನೇ ಸೆಕ್ಷನ್. ಒಂಬತ್ತು ಜನರ ಜ್ಯೂರಿ 8ಕ್ಕೆ 1ರಂತೆ ತಪ್ಪಿತಸ್ಥನಲ್ಲ ಅಂತು.

ಈಗ ಮಿಸ್‌ಡೈರೆಕ್ಷನ್. ಜ್ಯೂರಿಯವರು ಯಾರು? ಅಂಗಡಿಯವರು, ಗುಮಾಸ್ತರು, ಕಾನೂನು ಓದದವರು. ಸಾಕ್ಷಿ ನಂಬೋದು ಬಿಡೋದು ಅವರಿಗೆ ಸೇರಿದ್ದು. ಕಾನೂನು ಏನು ಅಂತ ಹೇಳಬೇಕಾದ್ದು ಜಡ್ಜ್. ಎಲ್ಲ ವಾದ ಮುಗಿದ ಮೇಲೆ ಜಡ್ಜ್ ಜ್ಯೂರಿ ಕಡೆ ತಿರುಗಿ, ಇಂಥಿಂಥ ಸಂಗತಿ ಸಾಬೀತಾದರೆ ಇದು ಅಪರಾಧ, ಸಾಬೀತಿನ ಹೊಣೆ ಇಂಥವರ ಮೇಲೆ, ಈ ಸಾಕ್ಷಿಯನ್ನು ಹೀಗೆ ತೂಗಿ ನೋಡಿ ಅಂತ ವಿವರಿಸಬೇಕು. ಹಳೇ 1898ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದನ್ನು ‘ಜ್ಯೂರಿಗೆ ಚಾರ್ಜ್’ ಅಂತಿದ್ದರು. ಆ ಮಾತಿನಲ್ಲಿ ಕಾನೂನು ತಪ್ಪಾಗಿ ಬಂದರೆ ಮಿಸ್‌ಡೈರೆಕ್ಷನ್. ಹೇಳಲೇಬೇಕಾದ್ದನ್ನು ನುಂಗಿಕೊಂಡರೆ ನಾನ್‌ಡೈರೆಕ್ಷನ್, ಅದೂ ಅಷ್ಟೇ ಅಪಾಯ.

ಇಲ್ಲಿ ಜಡ್ಜ್ ನುಂಗಿಕೊಂಡದ್ದು ದೊಡ್ಡ ತುತ್ತು. 80ನೇ ಸೆಕ್ಷನ್ ಪ್ರಕಾರ ಬರೀ ‘ಅಕಸ್ಮಾತ್ ಆಯ್ತು’ ಅಂದರೆ ಸಾಲದು. ಮಾಡ್ತಿದ್ದ ಕೆಲಸ ಕಾನೂನುಬದ್ಧ ಆಗಿರಬೇಕು, ಮಾಡಿದ ರೀತಿ ಕಾನೂನುಬದ್ಧ ಆಗಿರಬೇಕು, ತಕ್ಕ ಎಚ್ಚರಿಕೆ ವಹಿಸಿರಬೇಕು. ಇನ್ನೊಬ್ಬರ ಮಲಗುವ ಕೋಣೆಗೆ ತುಂಬಿದ ರಿವಾಲ್ವರ್ ಹಿಡಿದು ನುಗ್ಗಿದವನು ಇದನ್ನೆಲ್ಲ ದಾಟಬೇಕು. ಆಗಿನ ಸಾಕ್ಷ್ಯ ಕಾಯ್ದೆಯ 105ನೇ ಸೆಕ್ಷನ್ ಪ್ರಕಾರ ಇಂಥ ವಿನಾಯಿತಿ ಕೇಳುವವನೇ ಅದನ್ನು ತೋರಿಸಿಕೊಡಬೇಕು. ಇವೆರಡನ್ನೂ ಜ್ಯೂರಿಗೆ ಬಿಡಿಸಿ ಹೇಳಲಿಲ್ಲ. ಹೆಂಡತಿ ಅಹುಜಾಗೆ ಬರೆದ ಪತ್ರಗಳ ಒಳಗೇನಿತ್ತು ಅನ್ನೋದನ್ನೂ ಅವರ ಮುಂದೆ ಸರಿಯಾಗಿ ಇಡಲಿಲ್ಲ.

ನಾಳೆ ಮುಂದುವರಿಸ್ತೀನಿ. ಕರೆಂಟ್ ಹೋಯ್ತು.

ಶಿರಸ್ತೇದಾರ ಅಜ್ಜ, ಧಾರವಾಡ | ಭಾನುವಾರ ಬೆಳಿಗ್ಗೆ 6:15

ವಕೀಲ್ರು ಛಲೋ ಹೇಳ್ಯಾರ. ಒಂದು ಮಜಾ ಬಿಟ್ಟಾರ, ನಾ ಹೇಳ್ತೀನಿ ತಂಗಿ.

ಜ್ಯೂರಿ ತೀರ್ಪನ್ನ ಹೈಕೋರ್ಟಿಗೆ ಕಳಿಸಿದವರು ಯಾರು? ಅದ ಸೆಷನ್ಸ್ ಜಡ್ಜ್, ರತಿಲಾಲ್ ಮೆಹ್ತಾ ಅವರು. ಹಳೇ ಕೋಡಿನಾಗ 307 ಅಂತ ಕಲಮು ಇತ್ತು. ಜ್ಯೂರಿ ಹೇಳಿದ್ದು ಜಡ್ಜಿಗೆ ಒಪ್ಪಿಗಿ ಆಗ್ಲಿಲ್ಲ ಅಂದ್ರ, ನ್ಯಾಯದ ಸಲುವಾಗಿ ಇದು ಹೈಕೋರ್ಟಿಗೆ ಹೋಗಬೇಕು ಅಂತ ಸ್ಪಷ್ಟ ಅನಿಸಿದ್ರ, ಕಾಗದಪತ್ರ ಎಲ್ಲಾ ಕಟ್ಟಿ ಮ್ಯಾಲೆ ಕಳಸಬಹುದಿತ್ತು. ಅವರು ಕಳಿಸಿದ್ರು. ಮ್ಯಾಲಿನವರು ನೋಡಿದ್ರ ಏನು? ನಿಮ್ಮ ಚಾರ್ಜ್‌ನಾಗ ತಪ್ಪೈತಿ ಅಂದ್ರು! ಉಪ್ಪು ಹಾಕದ ಬಡಿಸಿ, ಉಂಡವರ ನಾಲಿಗಿ ಸರಿ ಇಲ್ಲ ಅಂತ ತಕರಾರು ಮಾಡಿದಂಗಾತು.

ಹಂಗಂತ ಅವರನ್ನ ಹಗುರ ಮಾಡಿ ಮಾತಾಡಾಕ ನನಗ ಮನಸಿಲ್ಲ. ತಮ್ಮ ಕೋರ್ಟಿನ ತೀರ್ಪು ತಪ್ಪೈತಿ ಅಂತ ತಾವ ಬರದು ಕಳಿಸೋದು ಸಣ್ಣ ಮಾತಲ್ಲ. ಊರಿಗೆ ಊರ ಆರೋಪಿ ಕಡೆ ಇದ್ದ ಕಾಲ ಅದು. ಬ್ಲಿಟ್ಜ್ ಪತ್ರಿಕೆ ಪುಟಗಟ್ಟಲೆ ಬರೀತಿತ್ತು.

ಲಾ ಸೆಕೆಂಡ್ ಇಯರ್, ಮೈಸೂರು | 8:03

ಅಜ್ಜಾ, ಇದು ನಾನು ಗಮನಿಸೇ ಇರಲಿಲ್ಲ, ತುಂಬಾ ಥ್ಯಾಂಕ್ಸ್. ನಮ್ಮ ಕಡೆ ಜ್ಯೂರಿ ಇತ್ತಾ? ನೀವು ನೋಡಿದ್ದೀರಾ?

ಶಿರಸ್ತೇದಾರ ಅಜ್ಜ, ಧಾರವಾಡ | 8:40

ನಾ ನೌಕರಿಗೆ ಸೇರೂದರಾಗ ಎಲ್ಲಾ ಮುಗಿದಿತ್ತವಾ. ಆದ್ರ ನಮ್ಮ ಅಜ್ಜ ಅಸೆಸರ್ ಅಂತ ಸೆಷನ್ಸ್ ಕೋರ್ಟಿಗೆ ಹೋಗಿ ಕುಂತಿದ್ದನಂತ. ಜ್ಯೂರಿ ಬ್ಯಾರೆ, ಅಸೆಸರ್ ಬ್ಯಾರೆ. ಜ್ಯೂರಿ ಹೇಳಿದ್ರ ಅದ ತೀರ್ಪು. ಅಸೆಸರ್ ಹೇಳಿದ್ದು ಬರೀ ಅಭಿಪ್ರಾಯ, ಜಡ್ಜ್ ಸಾಹೇಬ್ರು ಕೇಳಿದ್ರ ಕೇಳಿದ್ರು, ಇಲ್ಲಂದ್ರ ಇಲ್ಲ. ನಮ್ಮಜ್ಜ ಹೇಳ್ತಿದ್ದ, ‘ಮೂರು ದಿನ ಧೋತ್ರ ಇಸ್ತ್ರಿ ಮಾಡಿಸಿಕೊಂಡು ಹೋದೆ, ಕಡೀಕ ನನ್ನ ಮಾತು ಸಾಹೇಬ್ರು ಕಿವ್ಯಾಗ ಹಾಕ್ಕೊಳ್ಳಲಿಲ್ಲ’ ಅಂತ. 1955ರ ತಿದ್ದುಪಡಿಯೊಳಗ ಅಸೆಸರ್ ಪದ್ಧತಿ ತಗದ್ರು.

ಕುಡ್ಲದ ಭಟ್ರು | 9:20

ನಾನು ಸ್ವಲ್ಪ ವಿರೋಧವಾಗಿ ಹೇಳ್ತೇನೆ, ಬೇಜಾರು ಮಾಡ್ಬೇಡಿ. ಇದೆಲ್ಲ ವಕೀಲರ ನಾಟಕ ಮಾರಾಯ್ರೆ. ಜಡ್ಜ್ ‘ಸಾಬೀತಿನ ಹೊಣೆ’ ಅಂತ ಒಂದು ಗಂಟೆ ಭಾಷಣ ಕೊಟ್ಟರೂ ಜ್ಯೂರಿಯವರ ತಲೆಗೆ ಎಂತ ಹೋಗ್ತದೆ? ಬಿಳಿ ಯೂನಿಫಾರಂ ಹಾಕಿದ ಅಧಿಕಾರಿಯನ್ನು ನೋಡಿದರು, ಮನಸ್ಸು ಕರಗಿತು, ಬಿಟ್ಟರು. ಅವರು ಒಳಗೆ ಎಂತ ಮಾತಾಡಿದರು ಅಂತ ಯಾರಿಗೂ ಗೊತ್ತಿಲ್ಲ. ಮತ್ತೆ ಮೇಲಿನ ಕೋರ್ಟು ‘ಜಡ್ಜ್ ಈ ವಾಕ್ಯ ಹೇಳಿಲ್ಲ, ಆದ್ದರಿಂದ ಜ್ಯೂರಿ ದಾರಿ ತಪ್ಪಿತು’ ಅಂತ ಹೇಳುವುದು ಯಾವ ಆಧಾರದ ಮೇಲೆ?

ಕರಿಕೋಟು, ಬೆಂಗಳೂರು | 11:10

ಭಟ್ರೇ, ನೀವು ಕೈ ಇಟ್ಟಿದ್ದು ಸರಿಯಾದ ಜಾಗಕ್ಕೇ. ಜ್ಯೂರಿ ಕಾರಣ ಕೊಡಲ್ಲ. ಬಾಗಿಲು ಮುಚ್ಚಿಕೊಂಡು ಕೂರುತ್ತೆ, ಹೊರಗೆ ಬಂದು ಒಂದೆರಡು ಪದ ಹೇಳಿ ಮನೆಗೆ ಹೋಗುತ್ತೆ. ಹಾಗಾಗಿ ಅಪೀಲು ಕೇಳುವವರ ಕೈಗೆ ಸಿಗೋದು ಒಂದೇ ವಸ್ತು, ಒಳಗೆ ಹೋಗುವ ಮುಂಚೆ ಜಡ್ಜ್ ಅವರ ಕಿವಿಗೆ ಏನು ಹಾಕಿ ಕಳಿಸಿದರು ಅನ್ನೋದು. ಜ್ಯೂರಿ ಕೇಸಿನ ಅಪೀಲು ಅಂದರೆ ಹೆಚ್ಚಿನ ಮಟ್ಟಿಗೆ ಜಡ್ಜ್ ಬಾಯಿಯ ವಿಚಾರಣೆ.

ನಮ್ಮ ಹಳೇ ಕೋಡಿನಲ್ಲೂ ಹಾಗೇ ಇತ್ತು. ಜ್ಯೂರಿ ಶಿಕ್ಷೆಗೆ ಗುರಿ ಮಾಡಿದರೆ ಅಪೀಲು ಕಾನೂನಿನ ಅಂಶದ ಮೇಲೆ ಮಾತ್ರ. ಸಾಕ್ಷಿ ಸುಳ್ಳು ಹೇಳಿದ ಅಂತ ಹೈಕೋರ್ಟಲ್ಲಿ ಕೂಗಾಡೋ ಹಾಗಿಲ್ಲ. ಜಡ್ಜ್ ತಪ್ಪು ಹೇಳಿದರು, ಅಥವಾ ಅವರು ಹೇಳಿದ ಕಾನೂನನ್ನು ಜ್ಯೂರಿ ತಪ್ಪಾಗಿ ತಿಳಿದುಕೊಂಡಿತು, ಅದರಿಂದ ತೀರ್ಪು ಕೆಟ್ಟಿತು ಅಂತ ತೋರಿಸಬೇಕು. ಸಣ್ಣಪುಟ್ಟ ತಪ್ಪಿಗೆ ತೀರ್ಪು ಬೀಳ್ತಿರಲಿಲ್ಲ, ನ್ಯಾಯಕ್ಕೇ ಧಕ್ಕೆ ಆಗಿರಬೇಕು.

ಇನ್ನು ನಿಮ್ಮ ‘ಯಾವ ಆಧಾರ’ ಪ್ರಶ್ನೆ. ಅದಕ್ಕೆ ಇನ್ನೊಂದು ಕೇಸಿನ ಕಥೆ ಹೇಳ್ತೀನಿ. ಸುಪ್ರೀಂ ಕೋರ್ಟಿನ ತೀರ್ಪು ಬರೆದ ನ್ಯಾಯಮೂರ್ತಿ ಸುಬ್ಬರಾವ್ ಅವರು ನಾನಾವತಿ ತೀರ್ಪಿನಲ್ಲೇ ಅದನ್ನು ಚರ್ಚಿಸಿದ್ದಾರೆ.

ಇಂಗ್ಲೆಂಡಿನ ಡಾರ್ಸೆಟ್ ಕಡೆ ರೆಜಿನಾಲ್ಡ್ ವೂಲ್ಮಿಂಗ್ಟನ್ ಅಂತ 21 ವರ್ಷದ ಕೂಲಿ ಹುಡುಗ. ಮದುವೆಯಾಗಿ ನಾಲ್ಕು ತಿಂಗಳಾಗಿಲ್ಲ, ಹೆಂಡತಿ ಕೂಸು ಎತ್ತಿಕೊಂಡು ತವರಿಗೆ ಹೋದಳು. 1934ರ ಡಿಸೆಂಬರ್‌ನಲ್ಲಿ ಈತ ಬಂದೂಕಿನ ನಳಿಗೆ ಕೊಯ್ದು, ಕೋಟಿನೊಳಗೆ ಇಟ್ಟುಕೊಂಡು ಅತ್ತೆ ಮನೆಗೆ ಹೋದ. ‘ನೀನು ಬರದಿದ್ದರೆ ನಾನೇ ಸಾಯ್ತೀನಿ ಅಂತ ಹೆದರಿಸೋಕೆ ತೋರಿಸಿದೆ, ಅಕಸ್ಮಾತ್ ಹಾರಿತು’ ಅಂದ. ಹೆಂಡತಿ ಸತ್ತಳು.

ಮೊದಲ ಜ್ಯೂರಿಯಲ್ಲಿ ಒಮ್ಮತ ಬರಲಿಲ್ಲ. ಎರಡನೇ ವಿಚಾರಣೆಯಲ್ಲಿ ಜಡ್ಜ್ ಸ್ವಿಫ್ಟ್ ಅವರು ಜ್ಯೂರಿಗೆ ಹೇಳಿದ್ದರ ಸಾರ ಇಷ್ಟು: ಇವನ ಕೈಯಿಂದ ಸತ್ತಳು ಅಂತ ಸಾಬೀತಾದರೆ ಅದು ಕೊಲೆ ಅಂತಲೇ ಹಿಡಿಯಬೇಕು, ಅಲ್ಲ ಅಂತ ಇವನೇ ನಿಮಗೆ ಮನವರಿಕೆ ಮಾಡಿಕೊಡಬೇಕು. ಜ್ಯೂರಿ ತಪ್ಪಿತಸ್ಥ ಅಂತು, ಗಲ್ಲು. ಮೊದಲ ಅಪೀಲೂ ಬಿತ್ತು. 1935ರಲ್ಲಿ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಲಾರ್ಡ್ ಸ್ಯಾಂಕಿ ಆ ಶಿಕ್ಷೆಯನ್ನು ತಳ್ಳಿಹಾಕಿದರು. ಇಂಗ್ಲಿಷ್ ಕ್ರಿಮಿನಲ್ ಕಾನೂನಿನ ನೇಯ್ಗೆಯ ಉದ್ದಕ್ಕೂ ಒಂದು ಬಂಗಾರದ ಎಳೆ ಇದೆ, ಆರೋಪಿಯ ತಪ್ಪನ್ನು ಸಾಬೀತು ಮಾಡೋದು ಪ್ರಾಸಿಕ್ಯೂಷನ್ನಿನ ಕೆಲಸ ಅಂದರು. ಹುಡುಗ ಬಿಡುಗಡೆಯಾದ.

ಎರಡೂ ಕೇಸನ್ನು ಪಕ್ಕಪಕ್ಕ ಇಟ್ಟು ನೋಡಿ. ಅಲ್ಲಿ ಬಂದೂಕು, ಇಲ್ಲಿ ರಿವಾಲ್ವರ್. ಅಲ್ಲೂ ‘ಅಕಸ್ಮಾತ್’, ಇಲ್ಲೂ ‘ಅಕಸ್ಮಾತ್’. ಅಲ್ಲಿ ಜಡ್ಜ್ ಆರೋಪಿಯ ಹೆಗಲ ಮೇಲೆ ಇಡಬಾರದ ಭಾರ ಇಟ್ಟರು, ಶಿಕ್ಷೆ ಬಿದ್ದುಹೋಯ್ತು. ಇಲ್ಲಿ ಇಡಬೇಕಾದ ಭಾರದ ಮಾತೇ ಎತ್ತಲಿಲ್ಲ, ಖುಲಾಸೆ ಬಿದ್ದುಹೋಯ್ತು. ಎರಡು ಕಡೆಯೂ ಜ್ಯೂರಿ ಒಳಗೆ ಏನು ಮಾತಾಡಿತು ಅಂತ ಯಾರೂ ಕೇಳಲಿಲ್ಲ. ತಪ್ಪು ಅಳತೆಗೋಲು ಕೊಟ್ಟು ಬಟ್ಟೆ ಅಳೆಸಿದ ಮೇಲೆ, ಅಳೆದವನ ಕೈ ನಡುಗಿತ್ತಾ ಅಂತ ವಿಚಾರಿಸಿ ಪ್ರಯೋಜನ ಏನು?

ಲಾ ಸೆಕೆಂಡ್ ಇಯರ್, ಮೈಸೂರು | 11:48

ಸರ್, ಇಲ್ಲಿ ಒಂದು ಗೊಂದಲ. ಬಂಗಾರದ ಎಳೆ ಅಂದರೆ ಹೊಣೆ ಪ್ರಾಸಿಕ್ಯೂಷನ್ ಮೇಲೆ. 105 ಅಂದರೆ ಹೊಣೆ ಆರೋಪಿ ಮೇಲೆ. ಎರಡೂ ಒಟ್ಟಿಗೆ ಹೇಗೆ?

ಕರಿಕೋಟು, ಬೆಂಗಳೂರು | 12:15

ಪರೀಕ್ಷೆಗೆ ಬರೋ ಪ್ರಶ್ನೆ ಇದು! ಕೊಲೆ ಮಾಡುವ ಉದ್ದೇಶ ಇತ್ತು ಅಂತ ಸಾಬೀತು ಮಾಡೋ ಹೊಣೆ ಕೊನೆವರೆಗೂ ಪ್ರಾಸಿಕ್ಯೂಷನ್ ಬಿಟ್ಟು ಅಲುಗಲ್ಲ. ‘ನನಗೆ ವಿನಾಯಿತಿ ಇದೆ’ ಅನ್ನೋದನ್ನು ತೋರಿಸೋದು ಆರೋಪಿ ಪಾಲಿಗೆ. ಅವನ ಹೊಣೆಯ ತೂಕವೂ ಕಡಿಮೆ, ‘ಹೀಗಾಗಿರೋ ಸಂಭವವೇ ಹೆಚ್ಚು’ ಅನ್ನಿಸಿದರೆ ಸಾಕು. ಅಷ್ಟನ್ನೂ ತೋರಿಸಲಾರದೆ ಹೋದ ಅಂತಿಟ್ಟುಕೊಳ್ಳಿ, ಅವನು ಹಾಜರು ಮಾಡಿದ ಪುರಾವೆಯಿಂದ ‘ಉದ್ದೇಶ ಇತ್ತೋ ಇಲ್ಲವೋ’ ಅನ್ನೋ ನ್ಯಾಯವಾದ ಸಂಶಯ ಹುಟ್ಟಿದರೂ ಬಿಡಲೇಬೇಕು. ಸುಬ್ಬರಾವ್ ಅವರು ಇದನ್ನು ಎಳೆ ಎಳೆಯಾಗಿ ಬಿಡಿಸಿದ್ದಾರೆ.

ನಾನಾವತಿ ಈ ಯಾವ ಹೊಸ್ತಿಲನ್ನೂ ದಾಟಲಿಲ್ಲ. ‘ಹಠಾತ್ ಪ್ರಚೋದನೆ’ ಅಂತ ಶಿಕ್ಷೆ ಕಡಿಮೆ ಮಾಡಿಸಿಕೊಳ್ಳುವ ದಾರಿಯೂ ಇತ್ತು. ಆಗ ನಾನು ಗುರುತು ಹಾಕಿಕೊಳ್ಳಿ ಅಂದ ಸಮಯಗಳು ಅಡ್ಡ ಬಂದವು. ಒಂದೂವರೆಯಿಂದ 4:20ರವರೆಗೆ ಮನಸ್ಸು ತಿಳಿಯಾಗೋಕೆ ಬೇಕಾದಷ್ಟು ಹೊತ್ತಿತ್ತು ಅಂತು ಕೋರ್ಟು. ಬೊಂಬಾಯಿ ಹೈಕೋರ್ಟು 1960ರ ಮಾರ್ಚ್‌ನಲ್ಲಿ ಕೊಟ್ಟ ಜೀವಾವಧಿ ಶಿಕ್ಷೆಯನ್ನು ಸುಪ್ರೀಂ ಕೋರ್ಟು 1961ರ ನವೆಂಬರ್ 24ಕ್ಕೆ ಎತ್ತಿ ಹಿಡಿಯಿತು.

ಜ್ಯೂರಿ ರದ್ದಾದ ವಿಷಯಕ್ಕೆ: ನಿಮ್ಮ ಮೇಷ್ಟ್ರಿಗೆ ನಯವಾಗಿ ಹೇಳಿ. ಸೆತಲ್ವಾಡ್ ಅವರ ಅಧ್ಯಕ್ಷತೆಯ ಕಾನೂನು ಆಯೋಗ ತನ್ನ 14ನೇ ವರದಿಯಲ್ಲಿ ಜ್ಯೂರಿ ಬೇಡ ಅಂದದ್ದು 1958ರಲ್ಲಿ. ಆಗ ಅಹುಜಾ ಇನ್ನೂ ಬದುಕಿದ್ದ. ಆಮೇಲೂ ಕೆಲವು ಕಡೆ ಜ್ಯೂರಿ ನಡೆದೇ ಇತ್ತು. ಪೂರ್ತಿ ಹೋದದ್ದು 1973ರ ಸಂಹಿತೆ ಜಾರಿಗೆ ಬಂದ ಮೇಲೆ, 1974ರ ಏಪ್ರಿಲ್ 1ರಿಂದ. ಪಾರ್ಸಿಗಳ ವಿವಾಹ ಕೋರ್ಟಿನಲ್ಲಿ ಪ್ರತಿನಿಧಿಗಳು ಕೂರುವ ಪದ್ಧತಿ ಮಾತ್ರ ಉಳಿದುಕೊಂಡಿತು. ನಾನಾವತಿ ಪಾರ್ಸಿ, ಅದೂ ಒಂದು ವಿಚಿತ್ರ.

ಟವೆಲ್ ಗುರು, ಬೆಂಗಳೂರು | 12:20

ಅವನು ಕೊನೆಗೆ ಜೈಲಲ್ಲೇ ಇದ್ದನಾ?

ಕರಿಕೋಟು, ಬೆಂಗಳೂರು | 12:24

ಇಲ್ಲ. 1964ರಲ್ಲಿ ರಾಜ್ಯಪಾಲರಾಗಿದ್ದ ವಿಜಯಲಕ್ಷ್ಮಿ ಪಂಡಿತ್ ಕ್ಷಮಾದಾನ ಕೊಟ್ಟರು. ಸಂಸಾರ ಸಮೇತ ಕೆನಡಾಕ್ಕೆ ಹೋದ. ಕೋರ್ಟಿನಲ್ಲಿ ಆಗದ್ದು ರಾಜಭವನದಲ್ಲಿ ಆಯ್ತು.

ಮಂಡ್ಯದ ಮೆಲ್ಬರ್ನ್ | ಭಾನುವಾರ ಸಂಜೆ 4:05

ನಾನು ಇಲ್ಲಿ ಆಸ್ಟ್ರೇಲಿಯಾದಲ್ಲಿ ಜ್ಯೂರಿಯಲ್ಲಿ ಕೂತಿದ್ದೀನಿ, ಕೆಲವು ವರ್ಷದ ಹಿಂದೆ. ಒಳಗೆ ಏನು ಮಾತಾಡಿದ್ವಿ ಅಂತ ಹೆಂಡತಿಗೂ ಹೇಳೋ ಹಾಗಿಲ್ಲ, ಅಪರಾಧ. ಹಾಗಾಗಿ ಅದು ಬಿಟ್ಟು, ಎಲ್ಲರ ಎದುರಿಗೆ ನಡೆದದ್ದಷ್ಟೇ ಹೇಳ್ತೀನಿ.

ಲೆಟರ್ ಬಂದಾಗ ತಪ್ಪಿಸಿಕೊಳ್ಳೋ ದಾರಿ ಹುಡುಕಿದ್ದೆ, ನಿಜ. ಹನ್ನೆರಡು ಜನ ಕೂತ್ವಿ. ಜಡ್ಜ್ ಮೊದಲ ದಿನವೇ ಹೇಳಿದ್ದು, ಮನೆಗೆ ಹೋಗಿ ಇಂಟರ್ನೆಟ್ಟಲ್ಲಿ ಈ ಕೇಸು ಹುಡುಕಬೇಡಿ, ಜಾಗ ನೋಡೋಕೆ ಹೋಗಬೇಡಿ, ಇಲ್ಲಿ ಕೇಳಿದ್ದಷ್ಟೇ ನಿಮ್ಮ ಸಾಮಾನು. ಕೊನೇಲಿ ಒಂದು ಕಾಗದ ಕೊಟ್ಟರು. ಅದರಲ್ಲಿ ಪ್ರಶ್ನೆಗಳು ಸಾಲಾಗಿ ಇದ್ದವು. ಮೊದಲನೇದಕ್ಕೆ ‘ಇಲ್ಲ’ ಅನ್ನಿಸಿದರೆ ಅಲ್ಲಿಗೇ ನಿಲ್ಲಿಸಿ ತಪ್ಪಿತಸ್ಥನಲ್ಲ ಅನ್ನಿ, ‘ಹೌದು’ ಅನ್ನಿಸಿದರೆ ಎರಡನೇದಕ್ಕೆ ಹೋಗಿ, ಹೀಗೆ. ಭಟ್ರೇ, ನೀವು ತಲೆಗೆ ಹೋಗಲ್ಲ ಅಂದ್ರಿ. ಕಬ್ಬಿನ ಕಾರ್ಖಾನೆ ಗುಮಾಸ್ತನ ಮಗ ನಾನು, ನನ್ನ ತಲೆಗೆ ಹೋಯ್ತು. ಆ ಕಾಗದ ಇಲ್ಲದೆ ಬರೀ ಬಾಯಲ್ಲಿ ಹೇಳಿದ್ದಿದ್ದರೆ ಹೋಗ್ತಿತ್ತಾ, ಅದು ಬೇರೆ ಮಾತು.

ಆಮೇಲೆ ಕುತೂಹಲಕ್ಕೆ ಓದಿದೆ. ವಿಕ್ಟೋರಿಯಾದಲ್ಲಿ ಮುಂಚೆ ಜಡ್ಜುಗಳು ಅಪೀಲಿಗೆ ಹೆದರಿ ಉದ್ದುದ್ದ ಭಾಷಣ ಓದ್ತಿದ್ದರಂತೆ. ಒಂದು ಎಚ್ಚರಿಕೆ ಬಿಟ್ಟರೆ ಮೇಲಿನವರು ಹಿಡಿದುಕೊಳ್ತಾರೆ ಅಂತ ಎಲ್ಲಾ ಎಚ್ಚರಿಕೆಯನ್ನೂ ಸುರಿಯೋದು. ಕೇಳ್ತಾ ಕೂತ ಜ್ಯೂರಿಗಲ್ಲ ಆ ಮಾತು, ಮುಂದೆ ಓದಲಿರೋ ಅಪೀಲು ಕೋರ್ಟಿಗೆ! ಅದಕ್ಕೇ 2015ರ ಕಾಯ್ದೆ ತಂದರು, ಜ್ಯೂರಿಗೆ ಕೊಡುವ ನಿರ್ದೇಶನಗಳಿಗೆ ಅಂತಲೇ. ಈಗ ಎರಡೂ ಕಡೆ ವಕೀಲರು ನಮಗೆ ಇಂಥ ಅಂಶದ ಮೇಲೆ ತಕರಾರಿದೆ, ಇಂಥ ನಿರ್ದೇಶನ ಬೇಕು ಅಂತ ಮೊದಲೇ ಜಡ್ಜಿಗೆ ಹೇಳಬೇಕು. ಕೇಳದ್ದನ್ನು ಜಡ್ಜ್ ಹೇಳಬೇಕಿಲ್ಲ, ಹೇಳದಿದ್ದರೆ ದೊಡ್ಡ ಅನ್ಯಾಯ ಆಗುತ್ತೆ ಅಂತಿದ್ದರೆ ಮಾತ್ರ ಹೇಳಲೇಬೇಕು.

ಕುಡ್ಲದ ಭಟ್ರು | 4:50

ಹಾಗಾದರೆ ವಕೀಲ ದಡ್ಡನಾದರೆ ಆರೋಪಿಯ ಗತಿ? ಅವನು ಕೇಳಲಿಲ್ಲ, ಜಡ್ಜ್ ಹೇಳಲಿಲ್ಲ, ಆರೋಪಿ ಒಳಗೆ.

ಮಂಡ್ಯದ ಮೆಲ್ಬರ್ನ್ | 5:02

ಅದು ಸರಿಯಾದ ಭಯವೇ. ಉತ್ತರ ನನ್ನ ಹತ್ತಿರ ಇಲ್ಲ ಭಟ್ರೇ.

ಇನ್ನೊಂದು. ಜಡ್ಜ್ ಎಲ್ಲ ಸರಿಯಾಗಿ ಹೇಳಿದರೂ ಜ್ಯೂರಿ ತೀರ್ಪು ಬೀಳಬಹುದು. ಕಾರ್ಡಿನಲ್ ಪೆಲ್ ಕೇಸು ನೆನಪಿದೆಯಾ? 2018ರಲ್ಲಿ ಜ್ಯೂರಿ ತಪ್ಪಿತಸ್ಥ ಅಂತು, ಇಲ್ಲಿನ ಅಪೀಲು ಕೋರ್ಟು 2-1ರಲ್ಲಿ ಎತ್ತಿಹಿಡಿಯಿತು, 2020ರ ಏಪ್ರಿಲ್‌ನಲ್ಲಿ ಹೈಕೋರ್ಟಿನ (ಇಲ್ಲಿ ಅದೇ ಎಲ್ಲಕ್ಕಿಂತ ಮೇಲಿನದು) ಏಳೂ ಜನ ಸೇರಿ ಬಿಟ್ಟರು. ವಿವೇಚನೆಯಿಂದ ನೋಡಿದ ಜ್ಯೂರಿಗೆ ಪುರಾವೆಯಲ್ಲಿ ಸಂಶಯ ಬರಲೇಬೇಕಿತ್ತು ಅಂದರು. ಆವತ್ತು ಆಫೀಸಿನಲ್ಲಿ ಅರ್ಧ ಜನ ಸಂತೋಷಪಟ್ಟರು, ಅರ್ಧ ಜನ ಊಟ ಬಿಟ್ಟರು.

ಎಡಿಸನ್ ಅಮ್ಮ, ನ್ಯೂಜೆರ್ಸಿ | 7:30

ಇಲ್ಲಿ ಅಮೆರಿಕದಲ್ಲಿ ನಾನಾವತಿ ಆಗೋಕೆ ಸಾಧ್ಯವೇ ಇಲ್ಲ. ಜ್ಯೂರಿ ಬಿಟ್ಟರೆ ಬಿಟ್ಟಂತೆಯೇ, ಅದರ ಮೇಲೆ ಸರ್ಕಾರ ಅಪೀಲು ಹೋಗೋ ಹಾಗಿಲ್ಲ. ಶಿಕ್ಷೆಯಾದರೆ ಮಾತ್ರ ಅಪೀಲು. ಸಾಮಾನ್ಯವಾಗಿ ‘ತಪ್ಪಾಗಿದೆ, ಆದರೆ ಫಲಿತಾಂಶ ಬದಲಾಗ್ತಿರಲಿಲ್ಲ’ ಅಂತ ಹೇಳಿ ಅಪೀಲು ತಳ್ಳಿಬಿಡ್ತಾರೆ. ಕೆಲವು ತಪ್ಪುಗಳಿಗೆ ಮಾತ್ರ ಆ ಮಾತು ನಡೆಯಲ್ಲ, ಅದರಲ್ಲಿ ಒಂದು ಇದು. ‘ನ್ಯಾಯವಾದ ಸಂಶಯ’ ಅಂದರೇನು ಅನ್ನೋದನ್ನೇ ಜಡ್ಜ್ ಜ್ಯೂರಿಗೆ ತಪ್ಪಾಗಿ ಹೇಳಿದ್ದರೆ, ಅಲ್ಲಿ ಜ್ಯೂರಿ ತೀರ್ಪೇ ನಡೆದಿಲ್ಲ ಅಂತ ಲೆಕ್ಕ. 1993ರಲ್ಲಿ ಸಲ್ಲಿವನ್ ಕೇಸಿನಲ್ಲಿ ಸುಪ್ರೀಂ ಕೋರ್ಟು ಹೀಗೆ ಹೇಳಿತು, ಬರೆದದ್ದು ಸ್ಕಲಿಯಾ. ಕಟ್ಟಾ ಸಂಪ್ರದಾಯವಾದಿ ಅಂತ ಎಲ್ಲರೂ ಅನ್ನೋ ಸ್ಕಲಿಯಾನೇ!

ಸುಮ್ನೆ ಓದ್ತೀನಿ | ಸೋಮವಾರ ಬೆಳಿಗ್ಗೆ 7:10

ಎರಡು ವರ್ಷದಿಂದ ಇಲ್ಲಿ ಓದ್ತಾ ಇದ್ದೀನಿ, ಮೊದಲನೇ ಸಲ ಬರೀತಿದ್ದೀನಿ. ತಪ್ಪಿದ್ದರೆ ಕ್ಷಮಿಸಿ.

ನಿಮಗೆಲ್ಲ ಜ್ಯೂರಿ ಇದೆ, ಜಡ್ಜ್ ಹೇಳಿದ್ದು ತಪ್ಪು ಅಂತ ಹಿಡಿಯೋಕೆ ಒಂದು ಎಳೆ ಸಿಗುತ್ತೆ. ನಮ್ಮ ಸೋದರಮಾವನ ಮಗನಿಗೆ ಹೋದ ತಿಂಗಳು ಜೀವಾವಧಿ ಆಯ್ತು. ಯಾವ ಊರು, ಯಾವ ಕೋರ್ಟು ಅಂತ ಹೇಳಲ್ಲ. ನೋಡಿದ ಸಾಕ್ಷಿ ಯಾರೂ ಇಲ್ಲ, ಸಾಂದರ್ಭಿಕ ಪುರಾವೆ ಮೇಲೆ. ಮನೆಯಲ್ಲಿ ಯಾರಿಗೂ ಓಡಾಡೋಕೆ ಗೊತ್ತಿಲ್ಲ, ಅತ್ತೆ ಊಟ ಬಿಟ್ಟಿದ್ದಾರೆ. ಜ್ಯೂರಿ ಇಲ್ಲದ ಕಡೆ ಅಪೀಲಿನಲ್ಲಿ ಏನು ಹಿಡಿದುಕೊಳ್ಳಬೇಕು? ಅವನು ಮಾಡಿಲ್ಲ ಅಂತ ಹೇಳ್ತಿಲ್ಲ ನಾನು, ನನಗೆ ಗೊತ್ತಿಲ್ಲ. ವಿಚಾರಣೆ ಸರಿಯಾಗಿ ಆಯ್ತಾ ಅಂತ ತಿಳಿದರೆ ಸಾಕು.

ಕರಿಕೋಟು, ಬೆಂಗಳೂರು | 7:45

ತಮ್ಮಾ, ಮೊದಲು ದಿನ ಲೆಕ್ಕ ಹಾಕಿ. ಸೆಷನ್ಸ್ ಕೋರ್ಟಿನ ಶಿಕ್ಷೆ ಮೇಲೆ ಹೈಕೋರ್ಟಿಗೆ ಅಪೀಲು ಹಾಕೋಕೆ 60 ದಿನ. ತೀರ್ಪಿನ ಪ್ರತಿ ಶಿಕ್ಷೆಯಾದವನಿಗೆ ಪುಕ್ಕಟೆ ಕೊಡಬೇಕು, ದುಡ್ಡು ಕೇಳಿದರೆ ಕೊಡಬೇಡಿ. ವಕೀಲರಿಗೆ ಶಕ್ತಿ ಇಲ್ಲದಿದ್ದರೆ ಜೈಲಿನ ಅಧಿಕಾರಿ ಮೂಲಕವೇ ಅಪೀಲು ಕಳಿಸಬಹುದು, ಹೈಕೋರ್ಟ್ ಕಾನೂನು ಸೇವಾ ಸಮಿತಿಯಿಂದ ವಕೀಲರು ಸಿಗ್ತಾರೆ. ಅಪೀಲು ಬಾಕಿ ಇರುವಾಗ ಶಿಕ್ಷೆ ಅಮಾನತು ಮಾಡಿ ಜಾಮೀನು ಕೊಡಿ ಅಂತಲೂ ಕೇಳಬಹುದು, ಕೊಡ್ತಾರೆ ಅಂತ ಭರವಸೆ ಕೊಡಲ್ಲ.

ಹಿಡಿದುಕೊಳ್ಳೋದು ಏನು ಅಂದ್ರಲ್ಲ. ಜ್ಯೂರಿ ಇರುವಲ್ಲಿಗಿಂತ ನಿಮಗೆ ಜಾಸ್ತಿ ಇದೆ. ನಮ್ಮ ಜಡ್ಜ್ ಕಾರಣ ಬರೆಯಲೇಬೇಕು. ಸಾಕ್ಷಿಯನ್ನು ಯಾಕೆ ನಂಬಿದರು, ಯಾವುದರಿಂದ ಯಾವ ತೀರ್ಮಾನಕ್ಕೆ ಬಂದರು, ಎಲ್ಲ ಕಾಗದದ ಮೇಲಿದೆ. ಹೈಕೋರ್ಟು ಪ್ರತಿಯೊಂದು ಸಾಕ್ಷಿಯನ್ನೂ ಹೊಸದಾಗಿ ತೂಗಬೇಕು, ಕಾನೂನು ಮಾತ್ರವಲ್ಲ. ಸಾಂದರ್ಭಿಕ ಪುರಾವೆ ಅಂದ್ರಿ, 1984ರ ಶರದ್ ಸಾರ್ದಾ ತೀರ್ಪು ನಿಮ್ಮ ವಕೀಲರಿಗೆ ಬಾಯಿಪಾಠ ಇರಬೇಕು. ಪುರಾವೆಗಳ ಸರಪಳಿಯ ಒಂದು ಕೊಂಡಿ ಬಿಟ್ಟರೂ ಶಿಕ್ಷೆ ನಿಲ್ಲಲ್ಲ.

ಅದೇ ತೀರ್ಪಿನಲ್ಲಿ ಇನ್ನೊಂದು ಮಾತಿದೆ. ನನಗೆ ಅದು ನಮ್ಮ ಕಡೆಯ ಮಿಸ್‌ಡೈರೆಕ್ಷನ್ ಅನ್ನಿಸುತ್ತೆ. ಸಾಕ್ಷಿಗಳೆಲ್ಲ ಮುಗಿದ ಮೇಲೆ ಜಡ್ಜ್ ಆರೋಪಿಯನ್ನು ನಿಲ್ಲಿಸಿ, ನಿನ್ನ ವಿರುದ್ಧ ಇಂಥಿಂಥದ್ದು ಬಂದಿದೆ, ಏನು ಹೇಳ್ತೀಯ ಅಂತ ಒಂದೊಂದಾಗಿ ಕೇಳಬೇಕು. 1973ರ ಸಂಹಿತೆಯ 313ನೇ ಸೆಕ್ಷನ್, ಅದರ ಬದಲು ಬಂದ ಈಗಿನ ಹೊಸ ಸಂಹಿತೆ ಬಿಎನ್‌ಎಸ್‌ಎಸ್‌ನಲ್ಲಿ 351. ಕೇಳದೇ ಬಿಟ್ಟ ಸಂಗತಿಯನ್ನು ತೀರ್ಪಿನಲ್ಲಿ ಅವನ ವಿರುದ್ಧ ಬಳಸೋ ಹಾಗಿಲ್ಲ. ಬಹಳ ಕೋರ್ಟುಗಳಲ್ಲಿ ಈ ಪ್ರಶ್ನೆಗಳನ್ನು ಗಡಿಬಿಡಿಯಲ್ಲಿ ಮುಗಿಸ್ತಾರೆ. ಐದು ಸಂಗತಿ ಒಂದೇ ಪ್ರಶ್ನೆಗೆ ತುರುಕಿ, ಅವನು ‘ಸುಳ್ಳು’ ಅಂದ ಅಂತ ಬರೆದು ಮುಂದೆ ಹೋಗ್ತಾರೆ. ಹಾಗಂತ ಒಂದು ಪ್ರಶ್ನೆ ಬಿಟ್ಟುಹೋದ ಮಾತ್ರಕ್ಕೆ ಖುಲಾಸೆ ಆಗಿಬಿಡಲ್ಲ, ಅದರಿಂದ ಅವನಿಗೆ ಪೆಟ್ಟು ಬಿತ್ತು ಅಂತ ತೋರಿಸಬೇಕು.

ಶಿರಸ್ತೇದಾರ ಅಜ್ಜ, ಧಾರವಾಡ | 8:20

ವಕೀಲ್ರ ಮಾತು ಖರೆ. ನಾ ಕಣ್ಣಾರೆ ನೋಡೀನಿ, ಊಟದ ಹೊತ್ತಾತು ಅಂತ ಆರೋಪಿಗೆ ನಲವತ್ತು ಪ್ರಶ್ನೆ ಹತ್ತು ನಿಮಿಷದಾಗ ಓದಿದ್ದು. ಅಂವ ಪಾಪ ಎಲ್ಲಾದಕ್ಕೂ ‘ಗೊತ್ತಿಲ್ರಿ’ ಅಂದ. ನಮ್ಮಜ್ಜನ ಕಾಲದಾಗ ಅಸೆಸರ್‌ಗರೆ ಕೇಳಸ್ಲಿ ಅಂತ ಗಟ್ಟಿ ಓದ್ತಿದ್ರಂತ.

ತಮ್ಮಾ, ತೀರ್ಪು ಓದೂ ಮುಂಚೆ 313ರ ಹಾಳಿ ತಗದು ಓದು. ಬಲಕ್ಕ ತೀರ್ಪು ಇಟ್ಕೋ, ಎಡಕ್ಕ ಪ್ರಶ್ನೆ ಇಟ್ಕೋ. ತೀರ್ಪಿನಾಗಿನ ಪ್ರತಿಯೊಂದು ಕಾರಣದ ಮುಂದ ಪ್ರಶ್ನೆ ನಂಬರ್ ಪೆನ್ಸಿಲ್‌ಲೆ ಬರಿ.

ಕುಡ್ಲದ ಭಟ್ರು | 9:05

ಇದು ಒಳ್ಳೆ ಉಪಾಯ ಅಜ್ಜ. ನಾನು ಒಪ್ಪುತ್ತೇನೆ, ಕಾರಣ ಬರೆಯುವ ಜಡ್ಜ್ ಕಾರಣ ಹೇಳದ ಹನ್ನೆರಡು ಜನರಿಗಿಂತ ವಾಸಿ. ಆದರೆ ಹೈಕೋರ್ಟಲ್ಲಿ ಆ ಕಾರಣಗಳನ್ನು ಓದುವ ದಿನ ಬರಲಿಕ್ಕೆ ಎಷ್ಟು ವರ್ಷ ಬೇಕು? ನಾನಾವತಿಗೆ ಗುಂಡಿನಿಂದ ಸುಪ್ರೀಂ ಕೋರ್ಟಿನ ಕೊನೆಯ ತೀರ್ಪಿನವರೆಗೆ ಎರಡೂವರೆ ವರ್ಷ. ಈಗ ಅಷ್ಟರಲ್ಲಿ ಕೆಳಗಿನ ಕೋರ್ಟಿನಲ್ಲೇ ಎಲ್ಲ ಸಾಕ್ಷಿ ಮುಗಿಯುವುದಿಲ್ಲ.

ಲಾ ಸೆಕೆಂಡ್ ಇಯರ್, ಮೈಸೂರು | 9:40

ಭಟ್ರೇ, ಖುಲಾಸೆ ವಿರುದ್ಧದ ಅಪೀಲಿಗೆ ನಮ್ಮ ರಾಜ್ಯದ್ದೇ ಒಂದು ಕೇಸು ದೇಶಕ್ಕೆಲ್ಲ ಅಳತೆಗೋಲಾಗಿದೆ, ನಿನ್ನೆ ರಾತ್ರಿ ಸಿಕ್ತು. ಚಂದ್ರಪ್ಪ ವಿರುದ್ಧ ಕರ್ನಾಟಕ ರಾಜ್ಯ, 2007. ಕೆಳಗಿನ ಕೋರ್ಟು ಬಿಟ್ಟ ಮೇಲೆ ಆರೋಪಿಯ ನಿರಪರಾಧಿತ್ವದ ಊಹೆ ಇಮ್ಮಡಿ ಆಗುತ್ತೆ, ಎರಡು ಅಭಿಪ್ರಾಯ ಸಾಧ್ಯ ಇದ್ದರೆ ಮೇಲಿನ ಕೋರ್ಟು ಖುಲಾಸೆಯನ್ನು ಕೆಡಿಸಬಾರದು ಅಂತ. ನಾನಾವತಿ ಜೊತೆ ಇದನ್ನಿಟ್ಟು ಮಾತಾಡ್ತೀನಿ. ವೂಲ್ಮಿಂಗ್ಟನ್‌ನಿಂದ ಶುರು ಮಾಡೋದು ಅಂತ ಸ್ಲೈಡ್ ಬದಲಾಯಿಸಿದೆ. ಟವೆಲ್ ಕೊನೇ ಸ್ಲೈಡಿಗೆ ಹೋಯ್ತು, ಕ್ಷಮಿಸಿ ಗುರುಗಳೇ.

ಟವೆಲ್ ಗುರು, ಬೆಂಗಳೂರು | 9:43

ಮೇಲ್ಮನವಿ ಸಲ್ಲಿಸ್ತೀನಿ.

ಸುಮ್ನೆ ಓದ್ತೀನಿ | ಬುಧವಾರ ರಾತ್ರಿ 10:55

ಪ್ರತಿ ಕೈಗೆ ಸಿಕ್ತು, ದುಡ್ಡು ಕೇಳಲಿಲ್ಲ. ತೀರ್ಪು 64 ಪುಟ, ಇಂಗ್ಲಿಷಿನಲ್ಲಿದೆ, ಪಕ್ಕದ ಮನೆ ಹುಡುಗಿ ಓದಿ ಹೇಳ್ತಿದ್ದಾಳೆ. 313ರ ಪ್ರಶ್ನೆ 37. ಅಜ್ಜ ಹೇಳಿದ ಹಾಗೆ ಪೆನ್ಸಿಲ್ ಹಿಡಿದು ಕೂತಿದ್ದೀವಿ. ಹನ್ನೊಂದನೇ ಪುಟದಲ್ಲಿ ಒಂದು ಫೋನ್ ಕರೆ ವಿಷಯ ಬರುತ್ತೆ. ಅದರ ಮುಂದೆ ಬರೆಯೋಕೆ ನಂಬರ್ ಇನ್ನೂ ಸಿಕ್ಕಿಲ್ಲ, ಇನ್ನೊಂದು ಸಲ ಮೊದಲಿಂದ ಹುಡುಕ್ತೀವಿ.